ಒಬ್ಬಳನ್ನೂ ಕಳೆದುಕೊಳ್ಳದ ಅಕ್ಕೋರು

ಅಕ್ಕೋರ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ. ಹೆಜ್ಜೆ ಹೆಜ್ಜೆಗೂ ಒಂದು ಭುಜ ಕೆಳಗಿಳಿದು ಮೇಲೇಳುತ್ತಿತ್ತು. ಆದರೂ ಭಾನುವಾರ ಚರ್ಚಿಗೆ ಹೋಗುವಾಗ ಅವರನ್ನು ಹಿಡಿಯಲು ನಾವು ಹುಡುಗಿಯರು ಓಡಬೇಕಾಗುತ್ತಿತ್ತು.

ಧಾರವಾಡದ ನಮ್ಮ ಕ್ರೈಸ್ತ ಬೋರ್ಡಿಂಗಿನಲ್ಲಿ ನಾವು ಹತ್ತೊಂಬತ್ತು ಹುಡುಗಿಯರಿದ್ದೆವು. ಅಲ್ಲಿ ಪಾಠ ಹೇಳುತ್ತಿದ್ದವರು, ಜ್ವರ ಬಂದರೆ ಪಕ್ಕದಲ್ಲಿ ಕೂರುತ್ತಿದ್ದವರು ಈ ಅಕ್ಕೋರೇ. ನನ್ನ ತಂದೆತಾಯಿ ಕಾಲರಾದಲ್ಲಿ ತೀರಿಕೊಂಡಿದ್ದರು. ನನಗೆ ಬೋರ್ಡಿಂಗೇ ಮನೆ.

ಎರಡನೆಯ ಮಹಾಯುದ್ಧ ಶುರುವಾದಾಗ, ಬೋರ್ಡಿಂಗ್ ನಡೆಸುತ್ತಿದ್ದ ಜರ್ಮನ್ ಪಾದ್ರಿಯವರನ್ನು ಸರ್ಕಾರ ಹಿಡಿದುಕೊಂಡು ಹೋಯಿತು. ಪರದೇಶದಿಂದ ಬರುತ್ತಿದ್ದ ನೆರವೂ ನಿಂತಿತು. ಚರ್ಚಿನ ಸಭೆಯ ಹಿರಿಯರೊಬ್ಬರು ಬಂದು, "ಅಕ್ಕೋರ, ಬೋರ್ಡಿಂಗ್ ಮುಚ್ಚೂದ ಛಲೋರಿ. ಹುಡುಗ್ಯಾರನ್ನ ಅವರವರ ಊರಿಗೆ ಕಳಸಿಬಿಡ್ರಿ" ಎಂದರು.

"ಊರ ಇಲ್ಲದಾಕಿನ್ನ ಎಲ್ಲಿಗೆ ಕಳಸಬೇಕ್ರಿ? ಮೂರು ದಿನಾ ಕೊಡ್ರಿ. ದೇವರನ್ನ ಕೇಳಿ ಹೇಳ್ತೇನಿ."

ಮರುದಿನ ಬೆಳಿಗ್ಗೆ ಅವರು ಬಹಳ ಹೊತ್ತು ಮೊಣಕಾಲೂರಿದ್ದರು. ಎದ್ದ ಮೇಲೆ ನಾನೇ ಕೇಳಿದೆ: "ದೇವರು ಏನಂದರ್ರಿ, ಅಕ್ಕೋರ?"

"ಇನ್ನೂ ಏನೂ ಅಂದಿಲ್ಲವ್ವಾ. ಆದ್ರ ಎದ್ದು ನಡೀಬ್ಯಾಡ ಅಂತನೂ ಅಂದಿಲ್ಲ."

ಕೊಡೆ ತೆಗೆದುಕೊಂಡು ಹೊರಟೇಬಿಟ್ಟರು. ಒಂದೊಂದು ಮನೆ ಒಬ್ಬೊಬ್ಬ ಹುಡುಗಿಯನ್ನು ಇಟ್ಟುಕೊಳ್ಳಲಿ, ಹಗಲು ಚರ್ಚಿನ ಪಡಸಾಲೆಯಲ್ಲಿ ಶಾಲೆ ನಡೆಸೋಣ ಎಂಬುದು ಅವರ ಯೋಚನೆ. ಮೊದಲ ಮನೆಯವರು ಒಲ್ಲೆವೆಂದರು. ಎರಡನೆಯವರು ನಾಳೆ ಬನ್ನಿ ಎಂದರು. ಇವರು ಮರುದಿನವೂ ಹೋದರು. ತನಗೇ ಐದು ಮಕ್ಕಳಿದ್ದ ಕೈಮಗ್ಗದ ನೇಕಾರನೊಬ್ಬ ಅಕ್ಕತಂಗಿಯರನ್ನು ಬೇರೆ ಮಾಡಬೇಡಿರೆಂದು ಇಬ್ಬರನ್ನೂ ಕರೆದುಕೊಂಡ. ಕೆಲವರಿಗಾಗಿ ಅಕ್ಕೋರು ಹುಬ್ಬಳ್ಳಿಗೂ ಹೋಗಿ ಬಂದರು. ಅಲ್ಲಿನ ಸಭೆಯವರು ಮಾತು ಕೊಟ್ಟರಂತೆ, ಆದರೆ ಅಷ್ಟರಲ್ಲಿ ಇಲ್ಲಿಯೇ ಬಾಗಿಲುಗಳು ತೆರೆದಿದ್ದವು.

ಮೂರನೆಯ ದಿನ ಸಂಜೆ ಹದಿನೆಂಟು ಹುಡುಗಿಯರ ಹೆಸರು ಹಿಡಿದು, ಯಾರು ಯಾವ ಮನೆಗೆಂದು ಓದಿ ಹೇಳಿದರು. ನನ್ನ ಹೆಸರು ಬರಲಿಲ್ಲ. ನನಗೆ ಮೈತುಂಬ ಕಜ್ಜಿ, ಯಾರಿಗೆ ಬೇಕು? ಗೋಡೆಗೆ ಮುಖಮಾಡಿ ಅಳತೊಡಗಿದೆ.

"ಯಾಕ ಅಳಾಕತ್ತೀ?"

"ನನ್ನ ಎಲ್ಲಾರೂ ಒಲ್ಲೆ ಅಂದ್ರಲ್ರಿ."

"ಹುಚ್ಚಿ, ನಿನಗ ಮನಿ ಮೊದಲನೇ ದಿನಾನ ಸಿಕ್ಕಿತ್ತು. ನನ್ನ ಮನಿ. ಅದಕ್ಕ ನಿನ್ನ ಹೆಸರು ಯಾರ ಮುಂದನೂ ತಗೀಲಿಲ್ಲ."

ಯುದ್ಧ ಮುಗಿಯುವವರೆಗೂ ಪಡಸಾಲೆಯ ಶಾಲೆ ಒಂದು ದಿನವೂ ತಪ್ಪಲಿಲ್ಲ. ಅಕ್ಕಿ ಸಿಗದ ದಿನಗಳಲ್ಲಿ ನಾವಿಬ್ಬರೂ ನುಚ್ಚು ಕುದಿಸಿಕೊಂಡು ಉಂಡೆವು. ಮುಂದೇನಾಗುವುದೋ ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಲು ಅವರು ನಾಚಿದ್ದನ್ನೂ ನಾನು ಕಾಣೆ.

ಆಮೇಲೆ ಬಂದ ಹೊಸ ಪಾದ್ರಿಯವರು, ಎಷ್ಟು ಹುಡುಗಿಯರು ಉಳಿದಿದ್ದಾರೆಂದು ಅಳುಕುತ್ತಲೇ ಕೇಳಿದರು. ಅಕ್ಕೋರು ನೆಟ್ಟಗೆ ನಿಂತರು. "ಇಬ್ಬರ ಮದುವಿ ಆಗೇತ್ರಿ. ಒಬ್ಬಾಕಿ ನರ್ಸ್ ಕಲಿಯಾಕ ಹೋಗ್ಯಾಳ. ಉಳಿದವರು ಇಲ್ಲೇ ಅದಾರ. ದೇವರು ಒಬ್ಬಾಕಿನ್ನೂ ಬಿಟ್ಟುಕೊಡಲಿಲ್ಲ." ಪಾದ್ರಿಯವರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಅಂದು ನನ್ನ ಎದೆಯುಬ್ಬಿದಷ್ಟು ಮತ್ತೆಂದೂ ಉಬ್ಬಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಅಕ್ಕೋರು ತೀರಿಕೊಂಡರು. ಆಗ ಅದೇ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದೆ. ಸಮಾಧಿಯ ಬಳಿ ಪಾದ್ರಿಯವರು, ಮನೆಯವರು ಮೊದಲು ಮಣ್ಣು ಹಾಕಬೇಕೆಂದು ಹೇಳಿ, ಯಾರಿದ್ದಾರೆಂದು ಸುತ್ತ ನೋಡಿದರು. ನಾನು ಮುಂದೆ ಹೋಗಿ, ಬಗ್ಗಿ, ಎರಡೂ ಕೈಗಳಿಂದ ಮಣ್ಣು ತೆಗೆದುಕೊಂಡೆ.