ಸಂಡಿಗೆ ತೆಗೆಯಲು ಹೋದ ಮಧ್ಯಾಹ್ನ

ವಿದ್ಯಾರಣ್ಯಪುರಂನ ನಮ್ಮ ಮನೆಯಲ್ಲಿ ಬೇಸಿಗೆ ಬಂತೆಂದರೆ ತಾರಸಿಯ ತುಂಬ ಸಂಡಿಗೆ. ಅತ್ತೆಯ ಹಳೆಯ ಸೀರೆ ಹಾಸಿ, ಅದರ ಮೇಲೆ ಅರಳು ಸಂಡಿಗೆ ಇಡುತ್ತೇವೆ. ಒಣಗಲು ಮೂರು ದಿನದ ಬಿಸಿಲು ಬೇಕು. ಹಾಗಾಗಿ ಆಕಾಶ ನೋಡುವುದರಲ್ಲಿ ಅತ್ತೆ ಪಳಗಿದವರು. ಕಿಟಕಿಯಿಂದ ಕಾಣುವ ಬೆಟ್ಟದ ಹಿಂದೆ ಮೋಡ ಎದ್ದರೆ ಇನ್ನೂ ಸಮಯವಿದೆ. ಬೆಟ್ಟವೇ ಮಸುಕಾದರೆ ಮೇಲೆ ಓಡಬೇಕು. ಬಿಸಿಗಾಳಿ ನಿಂತು ತಣ್ಣನೆಯ ಗಾಳಿ ಬೀಸಿದರೆ ಆಗಲೇ ತಡವಾಯಿತು. ಅವರ ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ. ಆದರೆ ಅದರಲ್ಲಿ ಗುಡುಗಿಗೆ ಜಾಗವಿರಲಿಲ್ಲ. ಗುಡುಗಿನಿಂದ ಸಂಡಿಗೆ ನೆನೆಯುವುದಿಲ್ಲವಲ್ಲ. ನಾವು ಆಕಾಶ ನೋಡುತ್ತಿದ್ದದ್ದು ಸಂಡಿಗೆಗಾಗಿ, ನಮಗಾಗಿ ಅಲ್ಲ.

ಎರಡು ವರ್ಷದ ಹಿಂದಿನ ಏಪ್ರಿಲ್. ಮಧ್ಯಾಹ್ನ ಮೂರೂವರೆ ಇರಬಹುದು. ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ದೂರದಲ್ಲಿ ಒಮ್ಮೆ ಗುಡುಗಿತು. ಅತ್ತೆ ಕಿಟಕಿಯಿಂದ ನೋಡಿ, "ಬೆಟ್ಟ ಮಸುಕಾಯ್ತು, ಇಬ್ರೂ ಹೋಗ್ರಮ್ಮ" ಎಂದರು. ಅಂದು ಬೆಳಿಗ್ಗೆಯಷ್ಟೇ ಇಟ್ಟ ಹಸಿ ಸಂಡಿಗೆ. ಸೀರೆಯನ್ನೇ ಇಬ್ಬರು ಎರಡು ಕಡೆ ಹಿಡಿದು ತರಬೇಕಿತ್ತು.

ನನ್ನ ಓರಗಿತ್ತಿ ಎದ್ದರು. ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ.

"ಗುಡುಗ್ತಾ ಇದೆ, ಸ್ವಲ್ಪ ತಡೀರಿ ಅಕ್ಕ" ಎಂದೆ.

"ತಡೆದ್ರೆ ಕೆಳಗಡೆ ಗುಡುಗತ್ತೆ ಕಣೇ. ಬಾ" ಎಂದರು, ಅತ್ತೆಯ ಕಡೆ ಕಣ್ಣು ಹಾಯಿಸಿ.

"ಕೇಳಿಸ್ತು" ಎಂದರು ಅತ್ತೆ.

ಅಕ್ಕ ಮುಂದೆ, ನಾನು ಹಿಂದೆ ತಾರಸಿಗೆ ಹತ್ತಿದೆವು. ಅವರು ಸೀರೆಯ ತುದಿ ಹಿಡಿಯಲು ಬಗ್ಗಿದ್ದರು. ನಾನು ಕೊನೆಯ ಮೆಟ್ಟಿಲಲ್ಲಿ, ಬಾಗಿಲಿನ ಒಳಗೇ ಇದ್ದೆ. ಮಿಂಚು ಗೆರೆಯಾಗಿ ಕಾಣಲಿಲ್ಲ. ಎಲ್ಲವೂ ಬೆಳ್ಳಗಾಯಿತು, ಶಬ್ದವೂ ಅದೇ ಕ್ಷಣಕ್ಕೆ. ಸಿಡಿಲು ಬಿದ್ದದ್ದು ಪಕ್ಕದ ಮನೆಯ ತೆಂಗಿನ ಮರಕ್ಕೆ ಎಂದು ಆಮೇಲೆ ತಿಳಿಯಿತು. ನನಗೆ ಕಂಡದ್ದು ಮಗ್ಗುಲಾಗಿ ಬಿದ್ದಿದ್ದ ಅಕ್ಕ.

ನಾನು ಹೋಗಲಿಲ್ಲ. ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಹೊಡೆಯುತ್ತದೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ತಂತಿ ತಗುಲಿದವರನ್ನು ಬಿಡಿಸುವಂತೆ ಒಣಕೋಲಿಗಾಗಿ ಸುತ್ತ ನೋಡಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆ ಎಂದು ಹೇಳಲಾರೆ. ಅತ್ತೆ ಕೆಳಗಿನಿಂದ "ಏನಾಯ್ತೇ?" ಎಂದು ಮೂರು ಸಲ ಕೂಗಿದರು. ಮೂರನೆಯ ಸಲಕ್ಕೆ ಹೋದೆ. ಹೋಗಿಯೂ ಮೊದಲು ಬೆರಳ ತುದಿಯಿಂದ ಮುಟ್ಟಿದೆ. ಏನೂ ಆಗಲಿಲ್ಲ. ಮೈ ಬೆಚ್ಚಗಿತ್ತು, ಉಸಿರಿತ್ತು. ಕಂಕುಳಿಗೆ ಕೈ ಹಾಕಿ ಬಾಗಿಲೊಳಗೆ ಎಳೆದುಕೊಂಡೆ. ಆಮೇಲೆ ಮಳೆ ಬಂತು.

ಆಸ್ಪತ್ರೆ ಸೇರುವವರೆಗೂ ಅವರ ಕಾಲು ಆಡಲಿಲ್ಲ. ಸಂಜೆಗೆ ಬೆರಳು ಅಲುಗಿಸಿದರು. ಡಾಕ್ಟರು ನನ್ನನ್ನು ಹೊರಗೆ ಕರೆದು, ನಡೆದದ್ದನ್ನು ಕೇಳಿಕೊಂಡು, "ಅವರ ಮೈಯಲ್ಲಿ ಕರೆಂಟ್ ಉಳಿದಿರಲ್ಲಮ್ಮ, ತಕ್ಷಣ ಮುಟ್ಟಬಹುದು. ಉಸಿರು ನಿಂತಿದ್ದಿದ್ರೆ ಆ ಕೂಡಲೇ ಎದೆ ಒತ್ತಬೇಕಿತ್ತು" ಎಂದರು. ಅವರು ಬೈಯಲಿಲ್ಲ, ವಿಷಯ ಹೇಳಿದರು. ಉಸಿರು ಉಳಿದದ್ದು ನನ್ನಿಂದಲ್ಲ ಎಂಬುದಂತೂ ನನಗೆ ಸ್ಪಷ್ಟವಾಯಿತು.

ಈಗ ಮೊದಲ ಗುಡುಗು ಕೇಳಿದೊಡನೆ ಅತ್ತೆಯೇ ತಾರಸಿ ಬಾಗಿಲಿಗೆ ಚಿಲಕ ಹಾಕುತ್ತಾರೆ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವವರೆಗೆ ತೆಗೆಯುವುದಿಲ್ಲ. ನೆನೆದದ್ದು ನೆನೆಯಲಿ ಎನ್ನುತ್ತಾರೆ.

ಸಿಡಿಲು ಬಡಿದು ಒಂದು ತಿಂಗಳಾದ ಮೇಲೆ, ಹುರುಳಿಕಾಯಿ ಹೆಚ್ಚುತ್ತಾ ಅಕ್ಕ ಕೇಳಿದರು: "ಅವತ್ತು ನೀನು ಬಾಗಿಲಲ್ಲೇ ನಿಂತಿದ್ದೆ ಅಲ್ವಾ? ನಿನ್ನ ಕಾಲು ಕಾಣಿಸ್ತಿತ್ತು."

ಅವರಿಗೆ ಎಚ್ಚರವಿತ್ತೆಂದು ನನಗೆ ಗೊತ್ತಿರಲಿಲ್ಲ.

"ಹೌದು ಅಕ್ಕ. ಮುಟ್ಟೋಕೆ ಹೆದರಿದೆ."

ಅವರು ಎರಡು ಕಾಯಿ ಹೆಚ್ಚಿದರು.

"ನಾನು ಸತ್ತೇ ಹೋಗಿದ್ದೀನಿ, ಅದಕ್ಕೇ ನೀನು ಬರ್ತಿಲ್ಲ ಅಂದ್ಕೊಂಡಿದ್ದೆ" ಎಂದರು. ಆಮೇಲೆ, "ಈ ಕಡೆ ಬಂದು ಕೂತ್ಕೋ, ಎಡಗಿವಿ ಇನ್ನೂ ಗುಂಯ್ ಅನ್ನತ್ತೆ. ಮೊದಲಿಂದ ಹೇಳು, ನನಗೆ ಅರ್ಧ ನೆನಪಿಲ್ಲ."

ಎದ್ದು ಅವರ ಬಲಕ್ಕೆ ಕೂತೆ. ಬೆರಳ ತುದಿಯಿಂದ ಮುಟ್ಟಿ ನೋಡಿದ್ದನ್ನೂ ಬಿಡದೆ ಹೇಳಿದೆ.