ಬೆನ್ನು ಒತ್ತುವ ಮೇಷ್ಟ್ರು

ಒಬ್ಬ ಮನುಷ್ಯ ಸಾವಿನ ಬಾಯಿಂದ ಈಚೆ ಬಂದು ಕಣ್ಣು ಬಿಟ್ಟನೆಂದು ಹೊಟ್ಟೆ ಉರಿಸಿಕೊಂಡವನು ನಾನು. ಅವನ ಮೇಲೆ ನನಗೇನೂ ದ್ವೇಷವಿರಲಿಲ್ಲ. ಅವನನ್ನು ಬದುಕಿಸಿದ್ದು ನಾನಲ್ಲ ಎಂಬುದಷ್ಟೇ ನನ್ನ ತಕರಾರು.

ಎಪ್ಪತ್ತರ ದಶಕದಲ್ಲಿ ನಾನು ನೊಣವಿನಕೆರೆ ಹತ್ತಿರದ ಹಳ್ಳಿಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಯಾವುದೋ ಶಿಬಿರದಲ್ಲಿ ಕೃತಕ ಉಸಿರಾಟ ಕಲಿತು ಬಂದಿದ್ದೆ. ಉಸಿರು ನಿಂತವನನ್ನು ಬೋರಲು ಮಲಗಿಸಬೇಕು, ಬೆನ್ನು ಒತ್ತಬೇಕು, ಮೊಣಕೈ ಹಿಡಿದು ಎತ್ತಬೇಕು. ಸುತ್ತಮುತ್ತ ಈ ವಿದ್ಯೆ ಬಲ್ಲವನು ನಾನೊಬ್ಬನೇ. ಶನಿವಾರದ ಡ್ರಿಲ್ಲಿನಲ್ಲಿ ಮಕ್ಕಳಿಗೂ ಕಲಿಸುತ್ತಿದ್ದೆ. ನಿಜವಾಗಿ ಉಸಿರು ನಿಂತವರು ಮಾತ್ರ ನನ್ನ ಕೈಗೆ ಸಿಕ್ಕಿರಲಿಲ್ಲ.

ಒಂದು ಮಧ್ಯಾಹ್ನ ಪುಟ್ಟಸ್ವಾಮಿ ತನ್ನ ತೆಂಗಿನ ತೋಟದ ಪಂಪ್‌ಸೆಟ್ಟಿನಲ್ಲಿ ಕರೆಂಟು ಹೊಡೆದು ಬಿದ್ದ. ಅವನ ಅಣ್ಣ ಫ್ಯೂಜು ಕಿತ್ತು ಕೂಗಿಕೊಂಡ. ಸೈಕಲ್ಲಿನಲ್ಲಿ ಹೋಗುತ್ತಿದ್ದ ನಾನು ಓಡಿಹೋಗಿ, ಪುಟ್ಟಸ್ವಾಮಿಯನ್ನು ಬೋರಲು ಹಾಕಿ ಗಟ್ಟಿಯಾಗಿ ಎಣಿಸುತ್ತಾ ಬೆನ್ನು ಒತ್ತತೊಡಗಿದೆ. ಅಷ್ಟರಲ್ಲಿ ಆಸ್ಪತ್ರೆಯ ನರ್ಸ್ ಗಿರಿಜಮ್ಮ ಬಂದಳು. ಹೊಸದಾಗಿ ತರಬೇತಿ ಮುಗಿಸಿ ಬಂದವಳು. ಅವನ ಕತ್ತು ಮುಟ್ಟಿ ನೋಡಿದಳು.

"ನಾಡಿ ಸಿಕ್ತಿಲ್ಲ ಮೇಷ್ಟ್ರೇ. ಅಂಗಾತ ಮಲಗ್ಸಿ, ನೀವು ಸರ್ಕೊಳ್ಳಿ."

ತಲೆಯನ್ನು ಹಿಂದಕ್ಕೆ ಬಾಗಿಸಿ, ಬಾಯಿಗೆ ಬಾಯಿಟ್ಟು ಬೇಗಬೇಗ ನಾಲ್ಕು ಸಲ ಉಸಿರು ಊದಿದಳು. ನೆರೆದವರು ಮುಖ ತಿರುಗಿಸಿಕೊಂಡರು. ಅವಳು ಎದೆಯ ನಡುವೆ ಅಂಗೈಯಿಟ್ಟು ಒತ್ತಿದಳು, ಊದಿದಳು, ಮತ್ತೆ ಒತ್ತಿದಳು. ಎಷ್ಟೋ ಹೊತ್ತಿನ ಮೇಲೆ ಪುಟ್ಟಸ್ವಾಮಿ ಕೆಮ್ಮಿದ. ಅವನ ಅಣ್ಣ ಅವಳ ಕಾಲಿಗೆ ಬಿದ್ದ. ನಾನು ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ.

ವಾರ ಕಳೆದು ಅವಳೇ ಮನೆಗೆ ಬಂದು ವಿವರಿಸಿದಳು. "ಬೆನ್ನು ಒತ್ತಿದ್ರೆ ಒಳಕ್ಕೆ ಹೋಗೋ ಗಾಳಿ ಸಾಲಲ್ಲ ಅಂತ ಡಾಕ್ಟ್ರುಗಳು ಅಳೆದು ನೋಡವ್ರೆ ಕಣ್ರೀ. ಬನ್ನಿ, ಕಲಿಸ್ತೀನಿ."

"ನೋಡಾಣ" ಎಂದೆ. ಹೋಗಲಿಲ್ಲ. ತಪ್ಪೆಂದು ತಿಳಿದೂ, ಬರೀ ಹೊಟ್ಟೆಕಿಚ್ಚಿಗೆ, ಹತ್ತಾರು ವರ್ಷ ಮಕ್ಕಳಿಗೆ ಬೆನ್ನು ಒತ್ತುವುದನ್ನೇ ಕಲಿಸಿದೆ. ಆ ಮಕ್ಕಳಲ್ಲಿ ಯಾರಾದರೂ ನನ್ನ ಮಾತು ನಂಬಿ ಯಾರ ಬೆನ್ನನ್ನಾದರೂ ಒತ್ತುತ್ತ ಕೂತರೇ ಎಂದು ಇಂದಿಗೂ ಎದೆ ಝಲ್ಲೆನ್ನುತ್ತದೆ.

ಎಂಬತ್ತರ ದಶಕದ ಕೊನೆಗೆ ತುರುವೇಕೆರೆಯಲ್ಲಿ ಒಂದು ತರಬೇತಿ ನಡೆಯಿತು. ಗಿರಿಜಮ್ಮ, ನಾನು ಇಬ್ಬರೂ ಹೋಗಿದ್ದೆವು. ಎಳೆ ವಯಸ್ಸಿನ ಡಾಕ್ಟರು, ನಿಯಮ ಬದಲಾಗಿದೆ ಎಂದರು. ಬೇಗಬೇಗ ನಾಲ್ಕು ಸಲ ಊದಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ, ಇನ್ನು ಮೇಲೆ ನಿಧಾನವಾಗಿ ಎರಡೇ ಸಲ. ಎದೆಯನ್ನು ಮಾತ್ರ ಮೊದಲಿಗಿಂತ ಚುರುಕಾಗಿ ಒತ್ತಬೇಕು. ನನಗೆ ಹಬ್ಬವಾಯಿತು. ಮುಖ ಸಣ್ಣಗಾಗಿರುತ್ತದೆಂದು ಗಿರಿಜಮ್ಮನತ್ತ ತಿರುಗಿದರೆ, ಅವಳು ಬರೆದುಕೊಳ್ಳುತ್ತಿದ್ದಳು.

"ನೋಡಿ ಮೇಷ್ಟ್ರೇ, ಇಷ್ಟು ದಿನ ಹೊಟ್ಟೆಗೆ ಊದ್ತಿದ್ದೆ. ಡಾಕ್ಟ್ರು ಹೇಳಿದ್ದು ಒಳ್ಳೇದಾಯ್ತು."

ಅಷ್ಟೇ. ಅವಳ ವಿದ್ಯೆ ಕಂಡು ಪಟ್ಟಿದ್ದ ಹೊಟ್ಟೆಕಿಚ್ಚು ಏನೂ ಅಲ್ಲ. ಇಷ್ಟು ಸಲೀಸಾಗಿ ತಪ್ಪು ಒಪ್ಪಿಕೊಳ್ಳುವ ಅವಳ ಗುಣ ಕಂಡು ಪಟ್ಟದ್ದೇ ದೊಡ್ಡದು. ಆ ಗುಣವನ್ನಾದರೂ ಕದಿಯೋಣವೆಂದು ಮಾರನೆಯ ದಿನ ಮಕ್ಕಳ ಮುಂದೆ ನಿಂತು, "ನಾನು ಇಷ್ಟು ವರ್ಷ ಕಲಿಸಿದ್ದು ತಪ್ಪು" ಎಂದೆ.

ಒಬ್ಬರೂ ಆಶ್ಚರ್ಯಪಡಲಿಲ್ಲ. ಅದೊಂದೇ ಸ್ವಲ್ಪ ಬೇಜಾರು.