ಖಾಲಿ ಜಾಗವೆಂದು ಬಿಟ್ಟದ್ದು

ಕೊರೊನಾ ಕಾಲ ಮುಗಿದ ಮರುವರ್ಷ ನಾನು ಪುತ್ತೂರಿನ ಒಂದು ಲ್ಯಾಬಿನಲ್ಲಿ ಪೆಥಾಲಜಿಸ್ಟ್ ಆಗಿದ್ದೆ. ರೋಗಿಯ ಮುಖ ನೋಡದೆ ರೋಗವನ್ನು ಮಾತ್ರ ನೋಡುವ ಡಾಕ್ಟರು ಎಂದಿಟ್ಟುಕೊಳ್ಳಿ. ಸರ್ಜನ್ ಕೊಯ್ದು ಕಳಿಸಿದ ಮಾಂಸದ ತುಂಡನ್ನು ಮೈಕ್ರೊಸ್ಕೋಪಿನಲ್ಲಿ ನೋಡಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದೆ. ಅದರ ಜಂಬವೂ ಧಾರಾಳ ಇತ್ತು.

ಸುಳ್ಯ, ಕಡಬದ ಆಸ್ಪತ್ರೆಗಳಿಂದ ತುಂಡುಗಳು ಫಾರ್ಮಲಿನ್ ಬಾಟ್ಲಿಯಲ್ಲಿ ಬಸ್ಸಿನಲ್ಲೋ ಜೀಪಿನಲ್ಲೋ ಬರುತ್ತಿದ್ದವು. ಮಾಂಸ ಕೆಡದಂತೆ ಕಾಯುವ ಆ ದ್ರವ ಕಡಿಮೆ ಬಿದ್ದು, ದಾರಿಯಲ್ಲಿ ತಡವೂ ಆದರೆ ತುಂಡು ಕುಗ್ಗಿ, ಕ್ಯಾನ್ಸರ್ ಕಣಗಳ ಸುತ್ತ ಖಾಲಿ ಜಾಗ ಬಿಡುತ್ತದೆ. ನೋಡಲಿಕ್ಕೆ ಥೇಟ್ ಮೈಯೊಳಗಿನ ನಾಳದ ಹಾಗೆ, ಆದರೆ ನಾಳವಲ್ಲ. ಅಂಥದ್ದನ್ನು ನೋಡಿ ನೋಡಿ ನನಗೊಂದು ಚಟ ಹತ್ತಿತ್ತು: ಖಾಲಿ ಜಾಗ ಕಂಡರೆ "ಇದು ಬಸ್ಸಿನ ಕೆಲಸ" ಎಂದು ಗೊಣಗಿ ಮುಂದಕ್ಕೆ ಹೋಗುವುದು.

ಹಮೀದಾಕ ಕಡಬದಿಂದ ಕಾಣಿಯೂರಿಗೆ ಜೀಪು ಓಡಿಸುತ್ತಿದ್ದವರು, ನಲವತ್ತೆಂಟು ವರ್ಷ. ನಾಲಗೆಯ ಬದಿಯಲ್ಲಿ ಒಂದೂವರೆ ಸೆಂಟಿಮೀಟರಿನ ಹುಣ್ಣು. ಕ್ಯಾನ್ಸರೇ, ಆದರೆ ಆಳ ಮೂರು ಮಿಲಿಮೀಟರೂ ಇರಲಿಲ್ಲ; ಅಷ್ಟು ತೆಳುವಿದ್ದರೆ ಸಾಮಾನ್ಯವಾಗಿ ಹುಣ್ಣು ತೆಗೆದರೆ ಸಾಕು. ಹುಣ್ಣು ತೆಗೆದ ಸರ್ಜನ್ ಫೋನಿನಲ್ಲಿ ಕೇಳಿದ್ದು ಒಂದೇ: "ಲಿಂಫ್ ನಾಳದೊಳಗೆ ಹೊಕ್ಕಿದೆಯಾ? ಹೊಕ್ಕಿದ್ದರೆ ಕುತ್ತಿಗೆಯ ಗಂಟುಗಳನ್ನೂ ತೆಗೀಬೇಕು."

ಲಿಂಫ್ ನಾಳಗಳು ರಕ್ತನಾಳಗಳ ಹಾಗೆಯೇ ಮೈಯೆಲ್ಲ ಹಬ್ಬಿರುವ ಸಪೂರ ನಾಳಗಳು; ನಾಲಗೆಯವು ಕುತ್ತಿಗೆಯೊಳಗಿನ ಸಣ್ಣ ಲಿಂಫ್ ಗಂಟುಗಳಿಗೆ ಸೇರುತ್ತವೆ. ಕ್ಯಾನ್ಸರ್ ಎಂಥ ಖದೀಮ ಎಂದರೆ, ತನ್ನ ಸುತ್ತ ತಾನೇ ಹೊಸ ನಾಳಗಳನ್ನು ಬೆಳೆಸಿಕೊಂಡು ಅವುಗಳಲ್ಲೇ ಕುತ್ತಿಗೆಗೆ ಇಳಿಯುತ್ತದೆ. ಹಮೀದಾಕನ ಸ್ಲೈಡಿನಲ್ಲಿ ಖಾಲಿ ಜಾಗದ ನಡುವೆ ಕಣಗಳ ಒಂದು ಗುಂಪಿತ್ತು. ಬಸ್ಸಿನ ಕೆಲಸ! "ನಾಳದೊಳಗೆ ಇಲ್ಲ" ಎಂದು ಬರೆದೆ. ಕುತ್ತಿಗೆಯನ್ನು ಮುಟ್ಟದೆ ಅವರನ್ನು ಮನೆಗೆ ಕಳಿಸಿದರು.

ಒಂಬತ್ತು ತಿಂಗಳ ನಂತರ, ಕ್ಯಾನ್ಸರಿನಲ್ಲಿ ನಾಳಗಳು ಬೆಳೆಯುವ ಬಗೆಯ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ನಾವು ತೆಗೆದಿಟ್ಟಿದ್ದ ಹಳೆಯ ನಾಲಗೆ ಕೇಸುಗಳ ತುಂಡುಗಳನ್ನು ಕೇಳಿ ಒಯ್ದಳು. ಲಿಂಫ್ ನಾಳದ ಗೋಡೆಗೆ ಮಾತ್ರ ಕಂದು ಬಣ್ಣ ಹಿಡಿಸುವ ಪರೀಕ್ಷೆ ಅವಳದು. ಎರಡು ವಾರ ಕಳೆದು ಒಂದು ಸ್ಲೈಡ್ ಹಿಡಿದು ಬಂದಳು.

"ಸರ್, ಇದರಲ್ಲಿ ಎಂತದೋ ಉಂಟು. ಒಮ್ಮೆ ನೋಡಿ."

ನಾನು ಖಾಲಿ ಎಂದ ಜಾಗದ ಸುತ್ತ ಕಂದು ಗೆರೆ ಸ್ಪಷ್ಟವಾಗಿತ್ತು. ಹಮೀದಾಕನ ಸ್ಲೈಡು. ಥೂ, ನನ್ನ ಕಣ್ಣಿಗಿಷ್ಟು ಬೆಂಕಿ ಬೀಳ! ರಿಜಿಸ್ಟರ್ ತೆಗೆದೆ. ಹತ್ತು ಗಂಟೆಗೆ ಕೊಯ್ದ ತುಂಡು ಹನ್ನೆರಡರೊಳಗೆ ತಲುಪಿತ್ತು, ಬಾಟ್ಲಿ ತುಂಬ ಫಾರ್ಮಲಿನ್ ಇತ್ತು. ಕುಗ್ಗಲಿಕ್ಕೆ ಕಾರಣವೇ ಇರಲಿಲ್ಲ. ಆ ಪುಟ ನಾನು ಅವತ್ತು ನೋಡಿರಲೇ ಇಲ್ಲ.

ಕೂಡಲೇ ಸರ್ಜನ್‌ಗೆ ಫೋನ್ ಮಾಡಿದೆ. ಹಮೀದಾಕನನ್ನು ಕರೆಸಿದರೆ ಕುತ್ತಿಗೆಯಲ್ಲಿ ಆಗಲೇ ನಿಂಬೆಹಣ್ಣಿನ ಗಾತ್ರದ ಗಂಟು. ಹಲ್ಲುನೋವಿನ ಬಾವು ಎಂದು ಒಂದು ತಿಂಗಳಿಂದ ಸುಮ್ಮನಿದ್ದರಂತೆ. ಸ್ಕ್ಯಾನ್ ಮಾಡಿದರೆ ಕ್ಯಾನ್ಸರ್ ಶ್ವಾಸಕೋಶಕ್ಕೂ ಹೋಗಿತ್ತು. ಅವರಿಗೆ ನಿಜ ಹೇಳಬೇಕು, ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ನಾಲ್ಕು ತಿಂಗಳು ಕಳೆದೆ. ಅಷ್ಟರಲ್ಲಿ ತೀರಿಕೊಂಡರು. ನಾನು ಹೇಡಿ, ಬೇರೆ ಮಾತಿಲ್ಲ.

ಅವರ ಹೆಂಡತಿ ನಫೀಸಾ ಇದ್ದತ್ತಿನಲ್ಲಿದ್ದರು. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರ ಎದುರು ಬರುವುದಿಲ್ಲ. ಅದು ಮುಗಿಯುವವರೆಗೆ ಕಾದು ಕಡಬದ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ.

"ಆಗಲೇ ಕುತ್ತಿಗೆಯ ಆಪರೇಶನ್ ಮಾಡಿದ್ರೆ ಬದುಕ್ತಿದ್ರಾ?"

"ಬದುಕುವ ಸಾಧ್ಯತೆ ಇತ್ತು" ಎಂದೆ.

"ಅಲ್ಲಾಹನ ವಿಧಿ ಅಂತ ಮಕ್ಕಳಿಗೆ ಹೇಳಿದ್ದೆ ಡಾಕ್ಟ್ರೆ. ನಾನೂ ಹಾಗೇ ಅಂದ್ಕೊಂಡು ಮಲಗ್ತಿದ್ದೆ. ಇನ್ನು ಎಂತ ಹೇಳುದು?"

ತಪ್ಪು ಒಪ್ಪಿಕೊಳ್ಳುವುದಕ್ಕೂ ಒಂದು ಹೊತ್ತಿದೆ ಎಂದು ಈ ವೃತ್ತಿ ನನಗೆ ಕಲಿಸಿದ್ದು ಹೀಗೆ. ಹೇಳಬೇಕಾದವರಿಗೆ ಹೇಳದೆ, ನನ್ನ ಎದೆಯ ಭಾರ ಇಳಿಸಲಿಕ್ಕೆ ಹೋಗಿ ಆ ಹೆಂಗಸಿನ ನಿದ್ದೆ ಕಿತ್ತುಕೊಂಡು ಬಂದೆ.